ಲೆಕ್ಕ ತಪ್ಪಿದ ವರ್ಷ



ನಿಮ್ಮ ಮೊಬೈಲ್‌ನಲ್ಲಿ ಹೆಜ್ಜೆ ಎಣಿಸೋ ಆ್ಯಪ್ ಇದೆಯಾ? ಇದ್ದರೆ 'ಸ್ಟ್ರೀಕ್' ಅನ್ನೋ ಪದ ನಿಮಗೆ ಗೊತ್ತಿರುತ್ತೆ. ಒಂದು ದಿನವೂ ತಪ್ಪಿಸದೆ ಇಷ್ಟು ದಿನ ನಡೆದಿರಿ ಅಂತ ಅದು ಶಹಬ್ಬಾಸ್ ಹೇಳುತ್ತೆ. ಮೂವತ್ತು ದಿನ, ಅರವತ್ತು ದಿನ, ನೂರು ದಿನ. ನೂರಾ ಒಂದನೇ ದಿನ ಜ್ವರ ಬಂತು, ಮಲಗಿಬಿಟ್ಟಿರಿ ಅಂದ್ಕೊಳ್ಳಿ. ಮಾರನೇ ದಿನ ಪರದೆ ಮೇಲೆ ಏನಿರುತ್ತೆ? ಸೊನ್ನೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಲ್ಯಾಬ್‌ನಲ್ಲಿ ಕೌಂಟರ್ ಸರ್ಕ್ಯೂಟ್ ಕಟ್ಟಿಸ್ತಿದ್ದರು. ಅದು ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗುತ್ತೆ. ರೀಸೆಟ್ ಪಿನ್‌ಗೆ ಒಂದು ಸಿಗ್ನಲ್ ಕೊಟ್ಟರೆ ಮುಗೀತು, ಮತ್ತೆ ಸೊನ್ನೆಯಿಂದ ಶುರು. ಯಂತ್ರಕ್ಕೆ ಅದು ಸರಿ. ಮನುಷ್ಯನಿಗೂ ಹಾಗೇನಾ? ಇವತ್ತು ನಿಮ್ಮ ಹತ್ತಿರ ಆಡಬೇಕಾದ ಮಾತು ಅದೇ.

ಅಮೆರಿಕದ ಬಾಸ್ಟನ್‌ನಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ಮ್ಯಾರಥಾನ್ ನಡೆಯುತ್ತೆ. 1897ರಲ್ಲಿ ಶುರುವಾದ ಓಟ. ದೂರ 42 ಕಿಲೋಮೀಟರ್ 195 ಮೀಟರ್. ಆ ಊರಿನ ಜನ ಇವತ್ತಿಗೂ ನೆನೆಸಿಕೊಳ್ಳೋ ಒಬ್ಬ ಓಟಗಾರ ಇದ್ದ. ಹೆಸರು ಜಾನಿ ಕೆಲ್ಲಿ. ಹುಟ್ಟಿದ್ದು 1907ರ ಸೆಪ್ಟೆಂಬರ್‌ನಲ್ಲಿ.

ಈತನ ಮೊದಲ ಬಾಸ್ಟನ್ ಓಟ 1928ರಲ್ಲಿ. ಇಪ್ಪತ್ತರ ಹುಡುಗ. ಗುರಿ ಮುಟ್ಟೋಕೆ ಆಗಲಿಲ್ಲ, ಮಧ್ಯದಲ್ಲೇ ಬಿಟ್ಟ. ನಾಲ್ಕು ವರ್ಷ ಬಿಟ್ಟು 1932ರಲ್ಲಿ ಮತ್ತೆ ಬಂದ. ಆಗಲೂ ಪೂರ್ತಿ ಓಡಲಿಲ್ಲ. 1933ರಲ್ಲಿ ಕೊನೆಗೂ ಮುಗಿಸಿದ, 37ನೇ ಸ್ಥಾನ. 1935ರಲ್ಲಿ ಅದೇ ಮನುಷ್ಯ ಮೊದಲಿಗನಾಗಿ ಬಂದ. ತೆಗೆದುಕೊಂಡ ಸಮಯ 2 ಗಂಟೆ 32 ನಿಮಿಷ 7 ಸೆಕೆಂಡ್.

ಮರುವರ್ಷದ ಕಥೆ ಕೇಳಿ. ಓಟದ ದಾರಿಯಲ್ಲಿ ಸುಮಾರು 32 ಕಿಲೋಮೀಟರ್ ಆದಮೇಲೆ ಒಂದು ಏರು ಬರುತ್ತೆ. ಎತ್ತರ ದೊಡ್ಡದೇನಲ್ಲ. ಆದರೆ ದೇಹದಲ್ಲಿ ಕೂಡಿಟ್ಟ ಶಕ್ತಿ ಬಹುತೇಕ ಖಾಲಿಯಾಗೋದು ಆ ಹೊತ್ತಿಗೇ. ಟಾರ್ಜನ್ ಬ್ರೌನ್ ಅನ್ನೋ ಓಟಗಾರ ಮುಂದಿದ್ದ. ಕೆಲ್ಲಿ ಅವನನ್ನು ಹಿಡಿದ. ಹಿಡಿದವನು ಸುಮ್ಮನೆ ಮುಂದೆ ಹೋಗಬೇಕೋ ಬೇಡವೋ? ಬ್ರೌನ್ ಭುಜ ತಟ್ಟಿದ. ಬ್ರೌನ್‌ಗೆ ಎಲ್ಲಿಂದ ರೋಷ ಬಂತೋ, ಚಿಮ್ಮಿಕೊಂಡು ಹೋಗಿ ಗೆದ್ದೇಬಿಟ್ಟ. ಕೆಲ್ಲಿ ಐದನೆಯವನಾದ. ಕೆಲ್ಲಿಯ ಎದೆ ಒಡೆದ ಆ ಏರಿಗೆ ಪತ್ರಿಕೆಯವರು 'ಹಾರ್ಟ್‌ಬ್ರೇಕ್ ಹಿಲ್' ಅಂತ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು.

ಆಮೇಲೆ 1945ರಲ್ಲಿ ಇನ್ನೊಮ್ಮೆ ಗೆದ್ದ. ಆಗ ವಯಸ್ಸು 37. ಒಟ್ಟು ಎರಡು ಸಲ ಗೆಲುವು, ಏಳು ಸಲ ಎರಡನೇ ಸ್ಥಾನ. ಇಲ್ಲಿಗೆ ನಿಲ್ಲಿಸಿದ್ದರೂ ದೊಡ್ಡ ಹೆಸರೇ. ಮನೆಯಲ್ಲಿ ಪದಕ ತೂಗುಹಾಕಿ, ಮೊಮ್ಮಕ್ಕಳ ವಯಸ್ಸಿನವರು ಓಡೋದನ್ನ ಟಿವಿಯಲ್ಲಿ ನೋಡ್ತಾ ಕೂರಬಹುದಿತ್ತು. ಕೂರಲಿಲ್ಲ. ನಲವತ್ತು ದಾಟಿತು, ಐವತ್ತು ದಾಟಿತು, ಪ್ರತಿವರ್ಷ ಬಂದು ಓಡಿದ.

ಆಮೇಲೆ ಬಂತು 1968. ಕೆಲ್ಲಿಗೆ ಅರವತ್ತು. ಹರ್ನಿಯಾ ಆಪರೇಷನ್ ಆಯಿತು. ಆ ವರ್ಷ ಓಡಲಿಲ್ಲ. 1932ರಿಂದ ಬಿಡದೆ ಬಂದಿದ್ದ ಸರಪಳಿ ಕಡಿದುಹೋಯಿತು.

ಈಗ ಯೋಚನೆ ಮಾಡಿ. ಅರವತ್ತು ವರ್ಷದ ಮನುಷ್ಯ, ಹೊಟ್ಟೆಗೆ ಆಪರೇಷನ್ ಆಗಿದೆ, ಗೆಲ್ಲೋ ಕಾಲ ಮುಗಿದು ಎರಡು ದಶಕ ಆಗಿದೆ, ಲೆಕ್ಕವೂ ತಪ್ಪಿದೆ. ನಮ್ಮ ಊರಲ್ಲಾಗಿದ್ದರೆ ಏನು ಹೇಳ್ತಿದ್ವಿ? "ಸಾಕು ಬಿಡಿ ಯಜಮಾನ್ರೇ, ಮಾಡೋದೆಲ್ಲ ಮಾಡಿದ್ದೀರಿ." ಪ್ರೀತಿಯಿಂದಲೇ ಹೇಳ್ತಿದ್ವಿ.

ಕೆಲ್ಲಿ 1969ರಲ್ಲಿ ಬಂದು ಸಾಲಿನಲ್ಲಿ ನಿಂತ. ಅಲ್ಲಿಂದ 1992ರವರೆಗೆ ಪ್ರತಿವರ್ಷ ಓಡಿದ. ಲೆಕ್ಕ ಹಾಕಿ: ತಪ್ಪಿದ ವರ್ಷದ ನಂತರ ಇಪ್ಪತ್ನಾಲ್ಕು ಮ್ಯಾರಥಾನ್. 61ನೇ ವಯಸ್ಸಿನಿಂದ 84ನೇ ವಯಸ್ಸಿನವರೆಗೆ! ಒಟ್ಟು 61 ಸಲ ಹೊರಟು 58 ಸಲ ಗುರಿ ಮುಟ್ಟಿದ. ಆ 1968 ಅನ್ನೋ ಒಂದು ಖಾಲಿ ಮನೆ ಹಾಗೇ ಉಳೀತು. ಅದನ್ನ ನೋಡ್ಕೊಂಡು ಅವನು ಕೂರಲಿಲ್ಲ.

ಅದೇ 1968ರಲ್ಲಿ ಇನ್ನೊಂದು ಸಂಗತಿ ನಡೀತು. ಹಾರ್ವರ್ಡ್ ವಿಶ್ವವಿದ್ಯಾಲಯದ ಬೆನ್ನೆಟ್ ಬೀಚ್ ಅನ್ನೋ ಹದಿನೆಂಟರ ವಿದ್ಯಾರ್ಥಿ ಮೊದಲ ಸಲ ಬಾಸ್ಟನ್ ಓಡಿದ. ಈತನ ಸರಪಳಿ ಕಡಿಯಲಿಲ್ಲ. 2017ಕ್ಕೆ ಸತತ ಐವತ್ತು ಬಾಸ್ಟನ್ ಮ್ಯಾರಥಾನ್ ಮುಗಿಸಿದ. ಆದರೆ ಅದು ಸಲೀಸಾಗಿ ಆದದ್ದಲ್ಲ. ಒಳ್ಳೇ ಕಾಲದಲ್ಲಿ 2 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದ ಮನುಷ್ಯನಿಗೆ ಡಿಸ್ಟೋನಿಯಾ ಅನ್ನೋ ನರಸಂಬಂಧಿ ತೊಂದರೆ ಬಂತು. ಒಂದು ಕಾಲು ಹೇಳಿದ ಮಾತು ಕೇಳದ ಹಾಗಾಯ್ತು. ಅದೇ ದಾರಿಗೆ ಹಳೇ ಸಮಯದ ಎರಡರಷ್ಟು ಹಿಡಿಯತೊಡಗಿತು. ಆದರೂ ಬಂದ.

ಇಬ್ಬರಲ್ಲಿ ಒಬ್ಬನ ಲೆಕ್ಕ ತಪ್ಪಿತು, ಒಬ್ಬನದು ತಪ್ಪಲಿಲ್ಲ. ಇಬ್ಬರೂ ಒಂದು ವಿಷಯಕ್ಕೆ ಒಪ್ಪಿಕೊಳ್ಳಲೇಬೇಕಾಯ್ತು. ಅದು ನಿಧಾನ. ಮೂವತ್ತು ದಾಟಿದ ಮೇಲೆ ದೇಹ ಆಮ್ಲಜನಕ ಬಳಸಿಕೊಳ್ಳೋ ಸಾಮರ್ಥ್ಯ ದಶಕಕ್ಕೆ ಹೆಚ್ಚುಕಡಿಮೆ ಶೇ. 10ರಷ್ಟು ಇಳಿಯುತ್ತಾ ಹೋಗುತ್ತೆ. ವ್ಯಾಯಾಮ ಬಿಡದವರಲ್ಲಿ ಆ ಇಳಿಕೆ ನಿಧಾನ. ಆದರೆ ನಿಲ್ಲೋದಿಲ್ಲ. ಒಂದು ಕಾಲಕ್ಕೆ ಎರಡೂವರೆ ಗಂಟೆಯಲ್ಲಿ ಗೆದ್ದಿದ್ದ ಕೆಲ್ಲಿಗೆ ಕೊನೇ ಸಲ ಆರು ಗಂಟೆಯ ಹತ್ತಿರ ಹಿಡೀತು. ಒಂದು ಕಾಲದಲ್ಲಿ ಊರೇ ಚಪ್ಪಾಳೆ ತಟ್ಟಿದ ದಾರಿಯಲ್ಲಿ, ಅದೇ ಜನರ ಮುಂದೆ, ವರ್ಷ ವರ್ಷಕ್ಕೆ ಹಿಂದೆ ಹಿಂದೆ ಬೀಳೋಕೆ ತಯಾರಿರಬೇಕು. ಗೆಲ್ಲೋದಕ್ಕೆ ಕಾಲಲ್ಲಿ ಬಲ ಬೇಕು. ಸಾಲಿನ ಕೊನೆಯಲ್ಲಿ ನಗುನಗುತ್ತಾ ಬರೋಕೆ ಅದಕ್ಕಿಂತ ದೊಡ್ಡದೇನೋ ಬೇಕು.

ಇದನ್ನ ಯಾಕೆ ಹೇಳ್ತಿದ್ದೀನಿ ಗೊತ್ತಾ? ನಮ್ಮಪ್ಪನಿಗೋಸ್ಕರ.

ನಮ್ಮದು ಮೈಸೂರು. ಅಪ್ಪ ಪ್ರತಿವರ್ಷ ಆಷಾಢದಲ್ಲಿ ಒಂದು ದಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದರು. ಇಪ್ಪತ್ತಾರು ವರ್ಷ ತಪ್ಪಿಸಲಿಲ್ಲ. ಕೆಲಸಕ್ಕೆ ರಜೆ ಹಾಕಿ ಹತ್ತಿದ್ದಾರೆ, ಮಳೆಯಲ್ಲಿ ನೆನೆದು ಹತ್ತಿದ್ದಾರೆ. ನನಗೆ ಆರು ವರ್ಷ ಇದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದ್ದಾರೆ. ಎರಡು ವರ್ಷದ ಹಿಂದೆ ಮಂಡಿ ನೋವು ಜೋರಾಯ್ತು. ಡಾಕ್ಟರು "ಈ ವರ್ಷ ಬೇಡ" ಅಂದರು. ಅವರು ಹೇಳಿದ್ದು 'ಈ ವರ್ಷ' ಅಂತ ಮಾತ್ರ. ಅಪ್ಪ ಕೇಳಿಸಿಕೊಂಡದ್ದು 'ಇನ್ನು ಮೇಲೆ' ಅಂತ. ಮರುವರ್ಷ ಮಂಡಿ ಸುಧಾರಿಸಿತ್ತು, ಅದೇ ಡಾಕ್ಟರು ನಿಧಾನವಾಗಿ ಹತ್ತಬಹುದು ಅಂತಲೂ ಹೇಳಿದರು. ಅಪ್ಪ ಏಳಲಿಲ್ಲ. ಕೇಳಿದರೆ, "ಒಂದು ವರ್ಷ ತಪ್ಪೋಯ್ತಲ್ಲೋ, ಇನ್ನೇನು?" ಅಂದರು. ಬೆಟ್ಟದ ಬೂಟು ಇವತ್ತಿಗೂ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿದೆ.

ಅಪ್ಪ ಆ್ಯಪ್ ಬಳಸೋರಲ್ಲ. ಆದರೂ ಯಾರೋ ರೀಸೆಟ್ ಒತ್ತಿದ ಹಾಗಾಗಿತ್ತು. ಹತ್ತಿದ ಇಪ್ಪತ್ತಾರು ವರ್ಷ ಅವರ ಕಣ್ಣಿಗೆ ಕಾಣ್ತಿರಲಿಲ್ಲ. ತಪ್ಪಿದ ಒಂದು ವರ್ಷ ಕಾಣ್ತಿತ್ತು. ನಮ್ಮ ಎಷ್ಟು ಮನೆಗಳಲ್ಲಿ ಹೀಗಾಗಿದೆ ಹೇಳಿ? ಸಂಗೀತಾಭ್ಯಾಸ ಬಿಟ್ಟ ಅಮ್ಮಂದಿರು, ಈಜು ಬಿಟ್ಟ ಮಾವಂದಿರು. ವಯಸ್ಸು ಅಡ್ಡ ಬಂದದ್ದು ಕಡಿಮೆ. ಒಂದು ಸಲ ತಪ್ಪಿದ ಮೇಲೆ ಹಿಂದಿರುಗಿ ಹೋಗೋಕೆ ನಾಚಿಕೆ ಅಡ್ಡ ಬಂದದ್ದೇ ಹೆಚ್ಚು.

ಹಟ ಮಾಡಿ ದೇಹ ಕೆಡಿಸಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೆಲ್ಲಿಯೇ ಅದಕ್ಕೂ ದಾರಿ ತೋರಿಸಿದ್ದಾನೆ. 1992ರ ನಂತರ ಪೂರ್ತಿ ಓಟ ನಿಲ್ಲಿಸಿದ. ಆದರೆ ಎರಡು ವರ್ಷ ಕೊನೆಯ ಏಳು ಮೈಲಿ ಮಾತ್ರ ಓಡಿದ. ಆಮೇಲೆ ಓಟಗಾರರ ಮುಂದೆ ಸಾಗೋ ಕಾರಿನಲ್ಲಿ ಕೂತು ಬಂದ. ಅಷ್ಟಷ್ಟೇ ಕಡಿಮೆ ಮಾಡ್ತಾ ಬಂದ, ಸಂಬಂಧ ಕಡಿದುಕೊಳ್ಳಲಿಲ್ಲ. 2004ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡ. ಆ ಹಾರ್ಟ್‌ಬ್ರೇಕ್ ಹಿಲ್ ಹತ್ತಿರ ಅವನ ಪ್ರತಿಮೆ ಇದೆ. ಇಪ್ಪತ್ತೇಳರ ಕೆಲ್ಲಿ, ಎಂಬತ್ತು ದಾಟಿದ ಕೆಲ್ಲಿ, ಇಬ್ಬರೂ ಕೈ ಕೈ ಹಿಡಿದು ಓಡ್ತಿದ್ದಾರೆ.

ಹೋದ ವಾರ ಊರಿಗೆ ಹೋದಾಗ ಅಪ್ಪನಿಗೆ ಆ ಪ್ರತಿಮೆಯ ಫೋಟೋ ತೋರಿಸಿ ಕಥೆಯೆಲ್ಲ ಹೇಳಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ನಂದಿವರೆಗೆ ಎಷ್ಟು ಮೆಟ್ಟಿಲೋ?"

"ಏಳುನೂರರ ಹತ್ತಿರ ಇರಬೇಕಪ್ಪ."

"ಅಲ್ಲಿಗೆ ಸಾಕು. ಅಲ್ಲಿ ಕೂತು, ಮೇಲಕ್ಕೆ ನೋಡಿ ಅಮ್ಮನಿಗೆ ಕೈ ಮುಗಿದು ಬರೋಣ. ನೀನೂ ಬಾ, ರಜೆ ಹಾಕು."

ರಜೆ ಹಾಕಿದ್ದೀನಿ ವೀಕ್ಷಕರೇ. ನಿಮ್ಮ ಮನೆಯಲ್ಲೂ ಹಾಗೆ ಅರೆಯಲ್ಲಿ ಕೂತ ಬೂಟು ಇದ್ದರೆ, ಇವತ್ತು ಒಮ್ಮೆ ಧೂಳು ಹೊಡೆದಿಡಿ.