ನಲವತ್ತು ಲೀಟರಿಗೆ ಒಂದು ಲೀಟರ್



ಕೆನಡಾದ ಧ್ವಜವನ್ನು ನೀವೆಲ್ಲ ನೋಡಿದ್ದೀರಿ. 1965ರಲ್ಲಿ ಅದರ ನಡುವೆ ಬಂದ ಕೆಂಪು ಎಲೆ ಮೇಪಲ್ ಮರದ್ದು. ಈ ಮರದ ಒಂದು ಜಾತಿಗೆ ಸಕ್ಕರೆ ಮೇಪಲ್ ಎಂದೇ ಹೆಸರು. ಅದರ ಕಾಂಡದ ರಸವನ್ನು ಕಾಯಿಸಿ ಪಾಕ ಮಾಡುತ್ತಾರೆ. ಆಲೆಮನೆಯಲ್ಲಿ ಜೋನಿಬೆಲ್ಲ ಇಳಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಬೇಸಿಗೆಯಲ್ಲಿ ಎಲೆಗಳು ತಯಾರಿಸಿದ ಆಹಾರವನ್ನು ಮರ ಪಿಷ್ಟವಾಗಿ ಕೂಡಿಡುತ್ತದೆ. ಚಳಿಗೆ ಅದು ಸಕ್ಕರೆಯಾಗುತ್ತದೆ. ಚಳಿಗಾಲದ ಕೊನೆಗೆ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ರಾತ್ರಿ ಕಾಂಡ ನೀರನ್ನು ಎಳೆದುಕೊಳ್ಳುತ್ತದೆ, ಹಗಲು ಒಳಗಿನ ಒತ್ತಡ ಏರಿ ರಸ ಹೊರಬರುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಹರಿವು ನಿಲ್ಲುತ್ತದೆ. ಮೊಗ್ಗು ಒಡೆಯುವ ಹೊತ್ತಿಗೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು. ಚಳಿಯ ಕ್ರಮ ಏರುಪೇರಾಗುತ್ತಿರುವ ಈ ಕಾಲದಲ್ಲಿ ಅಲ್ಲಿಯ ರೈತರ ಚಿಂತೆಯೂ ಇದೇ.

ಎಳೆಯ ಮರವನ್ನು ಮುಟ್ಟುವಂತಿಲ್ಲ. ಮರ ತಕ್ಕಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ನಾಲ್ಕು ಸೆಂಟಿಮೀಟರಿನಷ್ಟು ಆಳಕ್ಕೆ ಸಣ್ಣ ತೂತು ಕೊರೆದು ನಳಿಗೆ ಸಿಕ್ಕಿಸುತ್ತಾರೆ. ಮರುವರ್ಷ ತೂತು ಬೇರೆ ಕಡೆ, ಹಳೆಯ ಗಾಯ ಮಾಯಬೇಕಲ್ಲ! ಹಿಂದೆ ಬಕೆಟ್ ತೂಗುಹಾಕುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್ ಕೊಳವೆಗಳು.

ರಸ ನೋಡಲು ಬರೀ ನೀರು. ಸಕ್ಕರೆ ಶೇಕಡಾ 2ರಷ್ಟು. ಗಣಿತದ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: 86ನ್ನು ಆ ಶೇಕಡಾ ಪ್ರಮಾಣದಿಂದ ಭಾಗಿಸಿ, ಒಂದು ಲೀಟರ್ ಪಾಕಕ್ಕೆ ಬೇಕಾದ ರಸ ಸಿಗುತ್ತದೆ. 2 ಇದ್ದರೆ 43 ಲೀಟರ್, 3 ಇದ್ದರೆ 29 ಸಾಕು. ಉಳಿದದ್ದೆಲ್ಲ ಆವಿ. ನೀರು ಕುದಿಯುವ ಮಟ್ಟಕ್ಕಿಂತ ನಾಲ್ಕು ಡಿಗ್ರಿ ಮೇಲೇರಿದಾಗ ಪಾಕ ಸಿದ್ಧ. ಮೊದಲೇ ಇಳಿಸಿದರೆ ಕೆಡುತ್ತದೆ, ತಡವಾದರೆ ಹರಳುಗಟ್ಟುತ್ತದೆ. ಕಂದು ಬಣ್ಣ, ಆ ವಿಶಿಷ್ಟ ಪರಿಮಳ, ಎರಡೂ ಬರುವುದು ಬೆಂಕಿಯ ಮೇಲೆ.

ಈ ವಿದ್ಯೆ ಅಲ್ಲಿಯ ಮೂಲನಿವಾಸಿಗಳದು. ಯುರೋಪಿನಿಂದ ಬಂದವರು ಅವರಿಂದ ಕಲಿತರು. ಇಂದು ಜಗತ್ತಿನ ಮೇಪಲ್ ಪಾಕದಲ್ಲಿ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು.

ನಾನು ಈ ವಿಷಯ ಆರಿಸಿಕೊಂಡದ್ದು ಸಿಹಿಯ ಆಸೆಗಲ್ಲ. ಹದಿನೆಂಟನೆಯ ಶತಮಾನದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ಸಕ್ಕರೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರಿನಿಂದ ಬರುತ್ತಿತ್ತು. ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ 1791ರಲ್ಲಿ ಥಾಮಸ್ ಜೆಫರ್ಸನ್ ಅವರಿಗೆ ಪತ್ರ ಬರೆದು, ಮೇಪಲ್ ಸಕ್ಕರೆ ಬೆಳೆಸಿದರೆ ಗುಲಾಮರ ದುಡಿಮೆಯ ಸಕ್ಕರೆ ಬೇಕಾಗದು ಎಂದು ವಾದಿಸಿದರು. ಮನೆಯವರೇ ಸೇರಿ ಮಾಡಬಹುದಾದ ಕೆಲಸ, ಚಾಟಿ ಬೇಕಿಲ್ಲ. ಯೋಚನೆ ಎಷ್ಟು ಸೊಗಸಾಗಿತ್ತು ನೋಡಿ! ಜೆಫರ್ಸನ್ ಅದೇ ವರ್ಷ ಸಸಿಗಳನ್ನು ತರಿಸಿ ವರ್ಜೀನಿಯಾದ ತಮ್ಮ ಮೊಂಟಿಸೆಲೊ ತೋಟಕ್ಕೆ ಕಳಿಸಿದರು. ಆ ತೋಟದಲ್ಲಿ ದುಡಿಯುತ್ತಿದ್ದವರೂ ಗುಲಾಮರೇ. ಸಸಿಗಳಲ್ಲಿ ಬಹುಪಾಲು ಬದುಕಲಿಲ್ಲ. ಕಬ್ಬಿನ ಸಕ್ಕರೆಯೇ ಉಳಿಯಿತು. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ.