ಜೋಳಿಗೆಯೂ ಪ್ರತಿಜ್ಞಾಪತ್ರವೂ



ಸಮಾಜದಲ್ಲಿ ಬೇರೂರಿದ ಕೇಡೊಂದನ್ನು ಕೀಳಬೇಕೆಂದು ಜನರು ಒಂದುಗೂಡಿದಾಗ ಮೊದಲು ಯಾರ ಬಾಗಿಲನ್ನು ತಟ್ಟತಕ್ಕದ್ದು? ಸರಕಾರದ ಬಾಗಿಲನ್ನೋ, ಮನೆಯ ಬಾಗಿಲನ್ನೋ? ಪಾಶ್ಚಾತ್ಯರ ಚಳುವಳಿಗೂ ನಮ್ಮವರ ಚಳುವಳಿಗೂ ಇರುವ ಭೇದವು ಬಹುಮಟ್ಟಿಗೆ ಈ ಪ್ರಶ್ನೆಯಲ್ಲಿಯೇ ಅಡಗಿರುವದು. ಮದ್ಯಪಾನದ ವಿಷಯವನ್ನು ನಿದರ್ಶನವಾಗಿಟ್ಟುಕೊಂಡು ನಾಲ್ಕು ಮಾತುಗಳನ್ನು ಅರಿಕೆ ಮಾಡುವೆನು.

೧೮೩೨ರಲ್ಲಿ ಇಂಗ್ಲಂಡದ ಪ್ರೆಸ್ಟನ್ ಎಂಬ ಊರಿನಲ್ಲಿ ಜೋಸೆಫ್ ಲಿವ್‌ಸೆ ಮೊದಲಾದ ಏಳು ಜನರು ಇನ್ನು ಕುಡಿಯೆವೆಂದು ಕಾಗದದ ಮೇಲೆ ರುಜು ಹಾಕಿದರು. ರುಜುಗಳಿಂದ ಸಂಘಗಳಾದವು, ಸಂಘಗಳಿಂದ ಲೋಕಮತವಾಯಿತು. ಅಮೇರಿಕೆಯಲ್ಲಿ ೧೮೭೪ರಲ್ಲಿ ಕ್ರೈಸ್ತ ಮಹಿಳೆಯರು ಮದ್ಯವಿರೋಧಿ ಸಂಘವನ್ನು ಕಟ್ಟಿದರು. ಬಹುಪಾಲು ಕಡೆಗಳಲ್ಲಿ ಮತದ ಹಕ್ಕೇ ಇಲ್ಲದಿದ್ದ ಆ ತಾಯಂದಿರು ಅರ್ಜಿಗಳಿಂದಲೂ ಸಭೆಗಳಿಂದಲೂ ಶಾಸನಕರ್ತರನ್ನು ಎಚ್ಚರಿಸಿದರು. ೧೯೧೯ರಲ್ಲಿ ಆ ದೇಶದ ರಾಜ್ಯಾಂಗಕ್ಕೆ ತಿದ್ದುಪಡಿಯಾಗಿ, ೧೯೨೦ರಿಂದ ಮದ್ಯನಿಷೇಧವು ಜಾರಿಗೆ ಬಂದಿತು. ಆದರೆ ಅಂಗಡಿಯ ಬಾಗಿಲು ಮುಚ್ಚಿದರೂ ನಾಲಗೆಯ ಚಾಪಲ್ಯವು ಮುಚ್ಚಲಿಲ್ಲ. ಕಳ್ಳ ವ್ಯಾಪಾರವು ಬೆಳೆಯಿತು. ೧೯೩೩ರಲ್ಲಿ ಆ ಶಾಸನವೇ ರದ್ದಾಯಿತು.

ಇನ್ನು ನಮ್ಮ ಸೀಮೆಯನ್ನು ನೋಡುವಾ. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳವರು ೧೯೭೦ರ ದಶಕದಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಧಾನ್ಯವನ್ನಲ್ಲ, ಹಣವನ್ನಲ್ಲ. ನಿಮ್ಮ ವ್ಯಸನವನ್ನು ಭಿಕ್ಷೆಯಾಗಿ ನೀಡಿರೆಂದರು. ಬೀಡಿ, ತಂಬಾಕು, ಸೆರೆಯ ಸೀಸೆಗಳು ಆ ಜೋಳಿಗೆಯಲ್ಲಿ ಬಿದ್ದವು. ಮಹಾಂತ ಜೋಳಿಗೆಯೆಂಬ ಹೆಸರು ನಾಡಿನಲ್ಲೆಲ್ಲ ಹಬ್ಬಿತು.

ಇದರ ಮರ್ಮವೇನು? ರುಜು ಹಾಕಿದವನು ಸಂಘದ ಸದಸ್ಯನಾಗುವನು; ಭಿಕ್ಷೆ ನೀಡಿದವನು ದಾನಿಯಾಗುವನು. ಕುಡುಕನೆಂದು ಊರೆಲ್ಲ ಹಳಿದವನನ್ನು ಸ್ವಾಮಿಗಳು ಕೊಡುವವನನ್ನಾಗಿ ಮಾಡಿದರು. ಕೊಟ್ಟ ಭಿಕ್ಷೆಯನ್ನು ಮರಳಿ ಪಡೆಯಬಾರದೆಂಬುದು ನಮ್ಮ ಹಳ್ಳಿಯ ಅನಕ್ಷರಸ್ಥನೂ ಅರಿತ ನೀತಿಯು. ಅದಕ್ಕೆ ಹೆಂಡತಿ ಮಕ್ಕಳೂ ನೆರೆಹೊರೆಯವರೂ ಸಾಕ್ಷಿಗಳು, ಬೇರೆ ಪೋಲೀಸರೇತಕ್ಕೆ?

ಹೀಗೆಂದು ನಮ್ಮದೇ ಪೂರ್ಣವೆಂದು ಬೀಗಲಾಗದು. ಪ್ರೆಸ್ಟನ್ನಿನ ಏಳು ಜನರೂ ಅಂತರಂಗದಿಂದಲೇ ಮೊದಲುಮಾಡಿದರೆಂಬುದನ್ನು ಮರೆಯಬಾರದು. ಮತ್ತು ಬೆಳಿಗ್ಗೆ ಜೋಳಿಗೆಗೆ ನೀಡಿದವನು ಸಂಜೆಗೆ ಮಗ್ಗದಿಂದಲೋ ಹೊಲದಿಂದಲೋ ಮರಳುವಾಗ ಅಂಗಡಿಯು ತೆರೆದೇ ಇರುವದು. ಸ್ವಾಮಿಗಳವರ ಜನ್ಮದಿನವಾದ ಆಗಸ್ಟ ೧ನ್ನು ನಮ್ಮ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುವದು. ಅದೇ ಸರಕಾರವು ಅಬಕಾರಿಯ ವರಮಾನವನ್ನೂ ನೆಚ್ಚಿರುವದು. ೨೦೦೭ರಲ್ಲಿ ಸಾರಾಯಿಯು ನಿಷಿದ್ಧವಾಯಿತು. ಉಳಿದ ಮದ್ಯವು ಉಳಿಯಿತು. ೨೦೧೯ರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿ ಮದ್ಯನಿಷೇಧವನ್ನು ಕೇಳಿದರು. ಕಾಲ್ನಡಿಗೆಯು ನಮ್ಮದು, ಕಾನೂನಿನ ಬೇಡಿಕೆಯು ಅರ್ಜಿಯ ಮಾರ್ಗದ್ದು. ಎರಡೂ ಅವರಲ್ಲಿ ಕೂಡಿದ್ದವು.

ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವಳು. ಕೂಡಿದ ಮೇಲೆ ಯಾವ ನೀರು ಯಾರದೆಂದು ಯಾರೂ ಕೇಳರು. ಕಾನೂನು ಅಂಗಡಿಯನ್ನು ಮುಚ್ಚಲಿ, ಜೋಳಿಗೆಯು ಮನಸ್ಸನ್ನು ತೆರೆಯಲಿ.

ಮಹಾಂತ ಸ್ವಾಮಿಗಳವರು ೨೦೧೮ರಲ್ಲಿ ಲಿಂಗೈಕ್ಯರಾದರು. ಜೋಳಿಗೆಯು ತಾನಾಗಿ ನಡೆಯಲಾರದು, ಹೆಗಲು ಬೇಕು. ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲಗಳ ಮಠಗಳೂ ತರುಣರೂ ಭಿಕ್ಷೆ ನೀಡಿದವನ ಮನೆಗೆ ಮರುದಿನವೂ ಮರುತಿಂಗಳೂ ಹೋಗಿ, ಅವನಿಗೆ ಔಷಧವು ಬೇಕಿದ್ದರೆ ವೈದ್ಯರಲ್ಲಿಗೆ ಕರೆದೊಯ್ದು, ಕೈಹಿಡಿದು ನಡೆಸಬೇಕು. ಈ ಮಹೋತ್ಸವವು ಅಂತಹ ಹೆಗಲುಗಳನ್ನು ಕೊಡಲೆಂದು ಹಾರೈಸಿ ವಿರಮಿಸುವೆನು.