ಹದಿನಾಲ್ಕು ಕಿಲೋಮೀಟರಿನ ಒಂದೇ ಊರು



2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆ 10,000 ಎಲೆಕ್ಟ್ರಿಕ್ ಬಸ್ಸು, ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ನಮ್ಮ ಕೆಎಸ್‌ಆರ್‌ಟಿಸಿ ವ್ಯಾಪ್ತಿಯಲ್ಲಿ ಮೈಸೂರು, ಮಂಗಳೂರಿಗೆ ತಲಾ 100, ದಾವಣಗೆರೆ, ಶಿವಮೊಗ್ಗ, ತುಮಕೂರಿಗೆ ತಲಾ 50 ಹಂಚಿಕೆಯಾಯಿತು. ನಗರ ಆಯ್ಕೆಗೆ ಇಟ್ಟ ನಿಯಮ ಜನಸಂಖ್ಯೆಯದು: 2011ರ ಗಣತಿಯ ಪ್ರಕಾರ 3 ಲಕ್ಷದಿಂದ 40 ಲಕ್ಷದೊಳಗಿನ ಊರುಗಳು. ದಾವಣಗೆರೆಯಲ್ಲಿ ಆಗ ಇದ್ದವರು ಸುಮಾರು 4.35 ಲಕ್ಷ, ಹಾಗಾಗಿ ಒಳಗೆ ಬಂತು. ಪಕ್ಕದ ಹರಿಹರದಲ್ಲಿ ಸುಮಾರು 83 ಸಾವಿರ. ಹರಿಹರ ಹೊರಗೆ ಉಳಿಯಿತು.

ದೆಹಲಿಯ ಕಡತದಲ್ಲಿ ಇದು ಸರಿಯಾದ ಲೆಕ್ಕವೇ. ನೆಲದ ಮೇಲೆ ಹಾಗಿಲ್ಲ. ದಾವಣಗೆರೆಯಿಂದ ಹಳೇ ಪಿ.ಬಿ. ರಸ್ತೆ ಹಿಡಿದು ಹೊರಟರೆ ಬಾತಿ ಹಳ್ಳಿ ದಾಟುವಷ್ಟರಲ್ಲಿ ಹರಿಹರದ ಮಾತು ಶುರುವಾಗಿರುತ್ತದೆ. ನಡುವೆ ಇರುವುದು ಹದಿನಾಲ್ಕು ಕಿಲೋಮೀಟರು. ಹರಿಹರದ ಹುಡುಗಿಯರು ಓದುವ ಕಾಲೇಜು ಇಲ್ಲಿ, ದಾವಣಗೆರೆಯಲ್ಲಿದೆ. ಅಲ್ಲಿಯ ಬಾಣಂತಿಯರು ಬರುವ ದೊಡ್ಡಾಸ್ಪತ್ರೆ ಇಲ್ಲಿದೆ. ಇಲ್ಲಿಯ ಎಷ್ಟೋ ಮನೆಗಳ ಅನ್ನ ಒಂದು ಕಾಲಕ್ಕೆ ಅಲ್ಲಿಯ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬರುತ್ತಿತ್ತು. ಕಾರ್ಖಾನೆ ಮುಚ್ಚಿತು, ಓಡಾಟ ನಿಲ್ಲಲಿಲ್ಲ. ಸರ್ಕಾರವೂ ಇದನ್ನು ಒಂದು ಕಡೆ ಒಪ್ಪಿಕೊಂಡಿದೆ: ಬಡಾವಣೆಗೆ ನಕ್ಷೆ ಮಂಜೂರು ಮಾಡುವ ನಮ್ಮ ‘ದೂಡಾ’ದ ಪೂರ್ತಿ ಹೆಸರೇ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಸೈಟು ಹಂಚುವಾಗ ಒಂದೇ ಊರು, ಬಸ್ಸು ಹಂಚುವಾಗ ಎರಡು. ಎರಡು ದಿನಗಳ ಈ ಸಂಕಿರಣದ ಮುಂದೆ ನಾನು ಇಡುವ ಆಶಯ ಇಷ್ಟೇ. ನಗರ ಸಾರಿಗೆಗೆ ಹಾಕುವ ಬಂಡವಾಳವನ್ನು ಈ ಹದಿನಾಲ್ಕು ಕಿಲೋಮೀಟರಿನ ಉದ್ದಕ್ಕೂ ಒಂದೇ ಊರೆಂದು ತಿಳಿದು ಯೋಜಿಸಬೇಕು. ಆ ಮಾತನ್ನು ನಾವು ಟೆಂಡರಿಗೆ ಮೊದಲು, ಅಂಕಿಗಳನ್ನು ಕೈಯಲ್ಲಿ ಹಿಡಿದು, ಲಿಖಿತವಾಗಿ ಹೇಳಬೇಕು.

ಒಂದೇ ಊರು ಎಂದೆ. ವಾಸ್ತವದಲ್ಲಿ ಅದು ಹರಿಹರದಲ್ಲೂ ಮುಗಿಯುವುದಿಲ್ಲ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿರುವ ಕಾರ್ಖಾನೆಯ ಹೆಸರು ಹರಿಹರ ಪಾಲಿಫೈಬರ್ಸ್. ನಿಂತಿರುವ ನೆಲ ಮಾತ್ರ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನದು. 1956ಕ್ಕೆ ಮೊದಲು ಈ ನದಿ ಮೈಸೂರು ಮತ್ತು ಮುಂಬೈ ರಾಜ್ಯಗಳ ಗಡಿಯಾಗಿತ್ತು. ಏಕೀಕರಣವಾಗಿ ಆ ಗಡಿ ಅಳಿಯಿತು. ನಾಲ್ಕು ದಶಕದ ನಂತರ, 1997ರಲ್ಲಿ, ಸಾರಿಗೆ ಸಂಸ್ಥೆಯನ್ನು ಒಡೆದು ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆ ನಿಗಮ ಮಾಡಿದಾಗ ಅದೇ ನದಿ ಮತ್ತೆ ಗಡಿಯಾಯಿತು. ಈಚೆ ದಂಡೆ ಕೆಎಸ್‌ಆರ್‌ಟಿಸಿ, ಆಚೆ ದಂಡೆ ವಾಯವ್ಯ ಸಾರಿಗೆ. ಬಸ್ಸುಗಳೇನೋ ದಾಟುತ್ತವೆ. ಬಂಡವಾಳ ಯೋಜನೆಗಳು ದಾಟುವುದಿಲ್ಲ. ಪಾಳಿ ಬಿಡುವ ಹೊತ್ತಿಗೆ ಆ ಕಾರ್ಖಾನೆಯ ಗೇಟಿನ ಮುಂದೆ ಎಷ್ಟು ಜನ ನಿಲ್ಲುತ್ತಾರೆ ಎಂಬುದು ಎರಡು ನಿಗಮಗಳ ಪೈಕಿ ಯಾರ ವಾರ್ಷಿಕ ಯೋಜನೆಯಲ್ಲಿ ಬರಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಒಂದು ಮೇಜು ನಮ್ಮಲ್ಲಿ ಇಲ್ಲ.

ಈಗ ಡಿಪೋದ ವಿಚಾರ. ಸ್ವಲ್ಪ ಹೆಚ್ಚು ಹೊತ್ತು ಇಲ್ಲಿ ನಿಲ್ಲುತ್ತೇನೆ, ಯಾಕೆಂದರೆ ಸಾರ್ವಜನಿಕ ಚರ್ಚೆಯಲ್ಲಿ ಇದರ ಸೊಲ್ಲೇ ಇರುವುದಿಲ್ಲ. ಬಸ್ಸು ನಿಲ್ದಾಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಗೆ ಸೇರಿದಾಗಿನಿಂದ ನಿಲ್ದಾಣಗಳ ಬಗ್ಗೆ ನಾವು ಸಾಕಷ್ಟು ಆಡಿದ್ದೇವೆ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ. ಡಿಪೋ ಊರಾಚೆ ಎಲ್ಲೋ ಇರುತ್ತದೆ. ಆದರೆ ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ ನಿಮ್ಮ ಬಾಗಿಲಿಗೆ ಬರುತ್ತದೆ, ರಾತ್ರಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಎಂಬುದನ್ನು ನಿರ್ಧರಿಸುವುದು ಡಿಪೋ.

ನಿಗಮದವರು ‘ಡೆಡ್ ಕಿಲೋಮೀಟರ್’ ಎನ್ನುತ್ತಾರೆ. ಡಿಪೋದಿಂದ ಮೊದಲ ನಿಲ್ದಾಣದವರೆಗೆ, ಕೊನೆಯ ನಿಲ್ದಾಣದಿಂದ ಡಿಪೋವರೆಗೆ ಖಾಲಿ ಓಡುವ ದೂರ ಅದು. ಲೆಕ್ಕಕ್ಕೆಂದು ಡಿಪೋ ಆರು ಕಿಲೋಮೀಟರ್ ಆಚೆ ಇದೆ ಎಂದಿಟ್ಟುಕೊಳ್ಳಿ. ಒಂದು ಬಸ್ಸಿಗೆ ದಿನಕ್ಕೆ 12 ಕಿಲೋಮೀಟರ್ ಖಾಲಿ. 50 ಬಸ್ಸಿಗೆ 600. ವರ್ಷಕ್ಕೆ 2,19,000. ಎಲೆಕ್ಟ್ರಿಕ್ ಬಸ್ಸು ಮಧ್ಯಾಹ್ನ ಚಾರ್ಜಿಗೆ ಮತ್ತೊಮ್ಮೆ ಡಿಪೋಗೆ ಹೋಗಿ ಬರುವುದಾದರೆ ಇದು ಇಮ್ಮಡಿ. ಇ-ಬಸ್ ಸೇವಾ ಯೋಜನೆಯಲ್ಲಿ ಬಸ್ಸು ಖಾಸಗಿ ಕಂಪನಿಯದು, ನಿಗಮ ಕಿಲೋಮೀಟರಿಗೆ ಇಷ್ಟು ಎಂದು ದುಡ್ಡು ಕೊಡುತ್ತದೆ. ಒಳಗೆ ಜನ ಇರಲಿ ಬಿಡಲಿ, ಚಕ್ರ ಉರುಳಿದ್ದಕ್ಕೆ ಹಣ. 12 ಮೀಟರಿನ ಬಸ್ಸಿಗೆ ಕೇಂದ್ರ ಕಿಲೋಮೀಟರಿಗೆ 24 ರೂಪಾಯಿ ಕೊಡುತ್ತದೆ, ಅದೂ ಹತ್ತು ವರ್ಷ. ಅದಕ್ಕೆ ಮೇಲ್ಪಟ್ಟದ್ದು ನಿಗಮದ ಹೆಗಲಿಗೆ. ಆ ಹೆಗಲ ಸ್ಥಿತಿ ನಿಮಗೆ ಗೊತ್ತೇ ಇದೆ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿತು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಿಗೆ ಸೇರಿ 2,000 ಕೋಟಿ ಸಾಲಕ್ಕೆ ಸರ್ಕಾರ ಒಪ್ಪಿದ್ದು ಹೊಸ ಬಸ್ಸು ಕೊಳ್ಳಲಿಕ್ಕಾಗಿ ಅಲ್ಲ, ನೌಕರರ ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲಿಕ್ಕೆ. ಇಂಥ ಸಂಸ್ಥೆಗೆ ವರ್ಷಕ್ಕೆ ಲಕ್ಷಗಟ್ಟಲೆ ಖಾಲಿ ಕಿಲೋಮೀಟರ್ ಹೊರಿಸುವ ಜಾಗದಲ್ಲಿ ಡಿಪೋ ಕಟ್ಟಿದರೆ, ಮೂರನೇ ವರ್ಷಕ್ಕೆ ಟ್ರಿಪ್ ಕಡಿತ ಶುರುವಾಗುತ್ತದೆ. ಮೊದಲು ಕಡಿತವಾಗುವುದು ಬೆಳಗಿನ ಮೊದಲ ಬಸ್ಸು ಮತ್ತು ರಾತ್ರಿಯ ಕೊನೆಯ ಬಸ್ಸು.

ಹರಿಹರದಲ್ಲಿ ನಿಗಮದ ಡಿಪೋ ಈಗಾಗಲೇ ಇದೆ. ಅಲ್ಲಿ ಕೆಲವು ಚಾರ್ಜರ್ ಹಾಕಿ, ಒಂದು ಪಾಲು ಬಸ್ಸುಗಳನ್ನು ರಾತ್ರಿ ಅಲ್ಲೇ ತಂಗಿಸಿದರೆ ಬೆಳಗಿನ ಮೊದಲ ಬಸ್ಸು ಎರಡೂ ತುದಿಯಿಂದ ಜನರನ್ನು ಕೂರಿಸಿಕೊಂಡೇ ಹೊರಡುತ್ತದೆ. ಹೈಟೆನ್ಷನ್ ಲೈನು, ಟ್ರಾನ್ಸ್‌ಫಾರ್ಮರ್, ಜಾಗದ ಅಳತೆ, ಕೇಂದ್ರದ ನಿಯಮ ಇದಕ್ಕೆ ಒಪ್ಪುತ್ತದೆಯೇ ಎಂಬುದನ್ನು ಎಂಜಿನಿಯರುಗಳು ಪರಿಶೀಲಿಸಿ ಹೇಳಲಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂಬುದನ್ನು ಬರೆದು ಕೊಡಲಿ. ಕೇಳುವ ಹಕ್ಕು ನಮಗಿದೆ.

ಎರಡನೆಯದು, ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಮಾಹಿತಿ. ದುಬಾರಿ ಸಮೀಕ್ಷೆ ಮಾಡಿಸಬೇಕು, ಹೊರಗಿನ ಸಲಹೆಗಾರರನ್ನು ಕರೆಸಬೇಕು ಎಂಬ ಮಾತು ತಕ್ಷಣ ಬರುತ್ತದೆ. ಅದು ಬೇಕಿಲ್ಲ. ಸಂಜೆ ಐದೂವರೆಗೆ ಪಿ.ಬಿ. ರಸ್ತೆಯಲ್ಲಿ ಹರಿಹರದ ಬಸ್ಸಿಗೆ ನಿಂತ ಹೆಂಗಸರನ್ನು ನೋಡಿ. ಒಂದು ಖಾಸಗಿ ಬಸ್ಸು ಬರುತ್ತದೆ, ಕ್ಲೀನರ್ ಬಾಗಿಲಲ್ಲಿ ನೇತಾಡುತ್ತ ‘ಹರಿಹರ, ಹರಿಹರ’ ಎಂದು ಕೂಗುತ್ತಾನೆ. ಗಂಡಸರು ಹತ್ತುತ್ತಾರೆ. ಹೆಂಗಸರು ಕದಲುವುದಿಲ್ಲ. ಇನ್ನೊಂದು ಹೋಗುತ್ತದೆ. ಆಮೇಲೆ ನಿಗಮದ ಕೆಂಪು ಬಸ್ಸು ಬಂದಾಗ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಒಳಗೆ ಕಾಲಿಡಲೂ ಜಾಗವಿಲ್ಲದೆ ಕೆಲವರು ಮತ್ತೆ ಕೆಳಗೇ ಉಳಿಯುತ್ತಾರೆ. ಕಂಡಕ್ಟರು ಒಬ್ಬೊಬ್ಬರಿಗೂ ಕಾರ್ಡು ನೋಡಿ, ಯಂತ್ರದಲ್ಲಿ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಒತ್ತಿ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತಾರೆ.

ಆ ಶೂನ್ಯ ಟಿಕೆಟ್ಟೇ ನಮ್ಮ ಸಮೀಕ್ಷೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. 2025ರ ಜುಲೈಗೆ ರಾಜ್ಯದಲ್ಲಿ 500 ಕೋಟಿ ಪ್ರಯಾಣ ದಾಟಿತು. ಪ್ರತಿ ಪ್ರಯಾಣಕ್ಕೂ ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ಪಡೆದರು, ಎಷ್ಟು ಹೊತ್ತಿಗೆ ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದೂ ಈ ಲೆಕ್ಕದ ಮೇಲೆ. ಹಣ ಪಡೆಯುವುದಕ್ಕೆ ಇಟ್ಟ ಈ ದಾಖಲೆಯನ್ನು ಬಸ್ಸು ಯೋಜಿಸುವುದಕ್ಕೂ ಬಳಸಬಹುದು. ವ್ಯಕ್ತಿಗಳ ಗುರುತು ಬರದಂತೆ, ದಾವಣಗೆರೆ ವಿಭಾಗದ ನಗರ ಮತ್ತು ಹರಿಹರ ಮಾರ್ಗಗಳ ಸ್ಟೇಜುವಾರು, ಗಂಟೆವಾರು ಮೊತ್ತವನ್ನು ನಿಗಮ ಪ್ರಕಟಿಸಲಿ ಎಂದು ನಾನು ಒತ್ತಾಯಿಸುತ್ತೇನೆ.

ಈ ದಾಖಲೆಗೂ ಮಿತಿ ಇದೆ ಎಂಬುದನ್ನು ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಮರೆಯಬಾರದು. ಹತ್ತಿದವರು ಅದರಲ್ಲಿದ್ದಾರೆ. ಹತ್ತಲಾಗದೆ ಉಳಿದವರು ಇಲ್ಲ. ಖಾಸಗಿ ಬಸ್ಸಿನಲ್ಲಿ ದುಡ್ಡು ಕೊಟ್ಟು ಹೋದವರು ಇಲ್ಲ. ದಾವಣಗೆರೆ ಹಿಂದಿನಿಂದಲೂ ಖಾಸಗಿ ಬಸ್ಸಿನ ಊರು, ಹಾಗಾಗಿ ಅದು ಸಣ್ಣ ಕೊರತೆಯೇನಲ್ಲ. ಮೊದಲ ಮೆಟ್ಟಿಲು ಎತ್ತರವಾಯಿತೆಂದು ಬಸ್ಸಿನ ಆಸೆಯನ್ನೇ ಬಿಟ್ಟ ಮುದುಕಿಯರೂ ಇಲ್ಲ. ನಗರ ಬಸ್ಸುಗಳ ಕೇಂದ್ರ ಮಾನದಂಡದಲ್ಲಿ ನೆಲದ ಎತ್ತರ 400, 650, 900 ಮಿಲಿಮೀಟರ್ ಎಂದು ಮೂರು ಬಗೆ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಸ್ಸನ್ನು ಎಲ್ಲರೂ ಹತ್ತುವಂತಿಡಬೇಕು ಎನ್ನುತ್ತದೆ. ಯಾವ ಎತ್ತರದ ಬಸ್ಸು ಎಂಬುದು ಖರೀದಿ ಹಂತದಲ್ಲೇ ತೀರ್ಮಾನವಾಗುತ್ತದೆ, ರಸ್ತೆಗಿಳಿದ ಮೇಲೆ ಅದರ ಬಗ್ಗೆ ಮನವಿ ಕೊಟ್ಟು ಫಲವಿಲ್ಲ.

50 ಬಸ್ಸು ಸಾಕೇ ಎಂಬ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸಿ ಮುಂದೆ ಹೋಗುತ್ತೇನೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಸೇವಾ ಮಾನದಂಡದಲ್ಲಿ ಸಾವಿರ ಜನಕ್ಕೆ 0.6 ಬಸ್ಸಿದ್ದರೆ ಮೊದಲ ದರ್ಜೆ, 0.2ಕ್ಕಿಂತ ಕಡಿಮೆಯಾದರೆ ಕೊನೆಯ ದರ್ಜೆ. ಎರಡೂ ಊರು ಸೇರಿ 2011ರ ಲೆಕ್ಕದಲ್ಲೇ 5.18 ಲಕ್ಷ ಜನ. ಕೊನೆಯ ದರ್ಜೆಯಿಂದ ಹೊರಬರಲು ನೂರಕ್ಕೂ ಹೆಚ್ಚು ಬಸ್ಸು ಬೇಕು, ಮೊದಲ ದರ್ಜೆಗೆ ಮುನ್ನೂರು ದಾಟಬೇಕು. ಈಗಿರುವ ಬಸ್ಸುಗಳ ಜೊತೆಗೆ ಈ 50 ಸೇರಿದರೆ ಪ್ರಯೋಜನ. ಹಳೆಯವನ್ನು ತೆಗೆದು ಅವುಗಳ ಜಾಗಕ್ಕೆ ಇವನ್ನು ನಿಲ್ಲಿಸಿದರೆ ಕಾಯುವ ಹೊತ್ತು ಒಂದು ನಿಮಿಷವೂ ಇಳಿಯುವುದಿಲ್ಲ.

ಅವಳಿ ಊರಿನ ಮಾತು ಬಂದಾಗ ಹುಬ್ಬಳ್ಳಿ-ಧಾರವಾಡವನ್ನು ನೋಡಲೇಬೇಕು. 2018ರಲ್ಲಿ ‘ಚಿಗರಿ’ ಬಸ್ಸುಗಳು ಸುಮಾರು 22 ಕಿಲೋಮೀಟರಿನ ಪ್ರತ್ಯೇಕ ಪಥದಲ್ಲಿ ಓಡತೊಡಗಿದವು. ಎರಡು ಊರನ್ನು ಒಂದೇ ಸಾರಿಗೆ ವ್ಯವಸ್ಥೆಯಾಗಿ ಕಂಡ ಧೈರ್ಯ ಅಲ್ಲಿತ್ತು, ಅದನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಅದೇ ದಾರಿಯಲ್ಲಿ ಬೇಂದ್ರೆ ಸಾರಿಗೆಯ ಖಾಸಗಿ ಬಸ್ಸುಗಳು ಓಡುತ್ತಲೇ ಇದ್ದವು. ಅವನ್ನು ಏನು ಮಾಡಬೇಕೆಂಬುದು ಕಾಂಕ್ರೀಟು ಹಾಕುವ ಮೊದಲೇ ಇತ್ಯರ್ಥವಾಗಬೇಕಿತ್ತು. ನಮ್ಮಲ್ಲಿ ಪ್ರತ್ಯೇಕ ಪಥ ಬೇಕೆಂದು ನಾನು ಹೇಳುತ್ತಿಲ್ಲ. ನಮಗೆ ಬೇಕಾದದ್ದು ಇದಕ್ಕಿಂತ ಅಗ್ಗದ್ದು: ಹತ್ತು ನಿಮಿಷಕ್ಕೊಂದು ಬಸ್ಸು, ನಿಲುಗಡೆಯಲ್ಲಿ ನೆರಳು ಮತ್ತು ದೀಪ, ಖಾಸಗಿಯವರ ಜೊತೆ ವೇಳಾಪಟ್ಟಿಯ ಒಪ್ಪಂದ. ಖಾಸಗಿ ಬಸ್ಸಿನ ಮಾಲೀಕರನ್ನೂ ಚಾಲಕರನ್ನೂ ಈ ಸಭಾಂಗಣಕ್ಕೆ ಕರೆದಿರುವುದು ಅದಕ್ಕೇ.

ನಮ್ಮ ಅಭಿಪ್ರಾಯಕ್ಕೆ ಕಾನೂನಿನಲ್ಲಿ ಜಾಗ ಎಲ್ಲಿದೆ? ರಸ್ತೆ ಸಾರಿಗೆ ನಿಗಮಗಳ 1950ರ ಕಾಯ್ದೆಯ 17ನೇ ಕಲಮು ಸಲಹಾ ಮಂಡಳಿಗಳನ್ನು ರಚಿಸಲು ರಾಜ್ಯ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. 18ನೆಯದು ದಕ್ಷ, ಸಾಕಷ್ಟು, ಮಿತವ್ಯಯದ, ಸುಸಂಘಟಿತ ಸೇವೆ ಕೊಡುವುದು ನಿಗಮದ ಕರ್ತವ್ಯ ಎನ್ನುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಡಿ ಯೋಜನೆ, ಉದ್ದೇಶಿತ ವೆಚ್ಚ, ಸಾರ್ವಜನಿಕರೊಡನೆ ಸಮಾಲೋಚನೆಯ ವ್ಯವಸ್ಥೆ ಇವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಇನ್ನು ಜಿಲ್ಲೆಯ ಮಟ್ಟದಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆ ಇದೆ. ಅಲ್ಲಿ ಸಾರಿಗೆಯ ಸರದಿ ಬರುವಾಗ ‘ನಮ್ಮೂರಿಗೆ ಬಸ್ಸಿಲ್ಲ’ ಎಂಬ ದೂರು ಬರುತ್ತದೆ, ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬರುತ್ತದೆ, ಮುಂದಿನ ಇಲಾಖೆಗೆ ಹೋಗುತ್ತಾರೆ. ಆ ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಬಸ್ಸು, ಸಿಬ್ಬಂದಿ, ಹಣ ಮೂರೂ ಮೇಲಿನಿಂದ ಬರಬೇಕಾದಾಗ ವಿಭಾಗೀಯ ನಿಯಂತ್ರಣಾಧಿಕಾರಿ ಇನ್ನೇನು ಹೇಳಿಯಾರು? ಆದರೆ ಅದೇ ಸಭೆಗೆ ಮಾರ್ಗವಾರು ಅಂಕಿಗಳ ಸಮೇತ ಲಿಖಿತ ಟಿಪ್ಪಣಿ ಹೋದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ಮುಂದಿನ ವರ್ಷದ ಬಜೆಟ್ ತಯಾರಾಗುವಾಗ ಅಧಿಕಾರಿಗೂ ಅದು ಆಧಾರವಾಗುತ್ತದೆ.

ಆದ್ದರಿಂದ ಎರಡು ದಿನಗಳ ಕೆಲಸ ಹೀಗಿರಲಿ. ಇವತ್ತಿನ ಮೊದಲ ಗೋಷ್ಠಿ ಡಿಪೋ ಮತ್ತು ಚಾರ್ಜಿಂಗ್ ಜಾಗದ್ದು. ಅಲ್ಲಿ ದಾವಣಗೆರೆ, ಹರಿಹರ ಎರಡೂ ಕಡೆಯ ಖಾಲಿ ಕಿಲೋಮೀಟರಿನ ಹೋಲಿಕೆ ಸಿದ್ಧವಾಗಬೇಕು. ಮಧ್ಯಾಹ್ನ ವಿದ್ಯಾರ್ಥಿಗಳು ಗಾಂಧಿ ವೃತ್ತ, ಆಸ್ಪತ್ರೆಗಳ ಮುಂದೆ, ಹರಿಹರದ ನಿಲ್ದಾಣ ಮತ್ತು ಕುಮಾರಪಟ್ಟಣದ ಗೇಟಿನಲ್ಲಿ ನಿಂತು, ಹತ್ತಿದವರ ಜೊತೆಗೆ ಹತ್ತಲಾಗದೆ ಉಳಿದವರನ್ನೂ ಎಣಿಸಿ ಬರುತ್ತಾರೆ. ನಾಳೆ ಈ ಎರಡನ್ನೂ ಸೇರಿಸಿ ಒಂದು ಟಿಪ್ಪಣಿ ಬರೆಯೋಣ. ಅದು ನಾಲ್ಕು ಪುಟ ಮೀರದಿರಲಿ, ಕನ್ನಡದಲ್ಲಿರಲಿ. ಒಂದು ಪ್ರತಿ ಇಲ್ಲಿಯ ವಿಭಾಗೀಯ ಕಚೇರಿಗೆ, ಒಂದು ದೂಡಾಕ್ಕೆ, ಒಂದು ಜಿಲ್ಲಾಧಿಕಾರಿಗಳಿಗೆ, ಮತ್ತೊಂದನ್ನು ತಪ್ಪದೆ ಹೊಳೆಯಾಚೆಗೆ, ವಾಯವ್ಯ ಸಾರಿಗೆಯ ಹಾವೇರಿ ವಿಭಾಗಕ್ಕೆ ಕಳಿಸೋಣ.